ಬೀಸುಕಲ್ಲಿನವಳ ಕಣ್ಣು

ಬತ್ತಿ ಹೊಸೆಯುವಾಗ ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಅವ್ವ ಹತ್ತಿ ಹಿಂಜಿ ಎಳೆ ಕೊಡುತ್ತಾಳೆ, ನಾನು ಅದನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ಹೊಸೆಯುತ್ತೇನೆ, ಹೊಸೆದದ್ದನ್ನು ಉಪ್ಪುನೀರಿನಲ್ಲಿ ಅದ್ದಿ ಮೊರದ ಮೇಲೆ ಹರಡುತ್ತೇನೆ. ಉಪ್ಪು ಕಾಣದ ಬತ್ತಿ ಹೊಗೆ ಕಾರಿ ಗೋರಿಯೊಳಗಿನ ಗೋಡೆಯ ಚಿತ್ರಗಳನ್ನು ಕಪ್ಪು ಮಾಡುತ್ತದೆ. ಆ ದಿನ ಇಪ್ಪತ್ತೆಂಟು ಬತ್ತಿ ಆಗಿತ್ತು. ಬಾಗಿಲ ಬಿಸಿಲು ಹೊಸ್ತಿಲಿನಿಂದ ಒಂದು ಗೇಣು ಹಿಂದೆ ಸರಿಯಿತು. ನಾನು ಉಪ್ಪುನೀರಿನ ಬೋಗುಣಿಯನ್ನು ಅವ್ವನ ಬಲಗಡೆಯಿಂದ ಎತ್ತಿ ಎಡಗಡೆ ಇಟ್ಟೆ. ಮೊರವನ್ನೂ ಸರಿಸಿದೆ. ಅವ್ವ ಹತ್ತಿಯನ್ನು ಕೆಳಗಿಟ್ಟಳು, ಒಂದು ಕಾಲು ಚಾಚಿದಳು, ಬೆನ್ನು ಬಗ್ಗಿಸಿದಳು. ಆಮೇಲೆ ಬಲಗೈಯಲ್ಲಿ ಇಲ್ಲದ ಗೂಟವನ್ನು ಹಿಡಿದು ಇಲ್ಲದ ಬೀಸುಕಲ್ಲನ್ನು ತಿರುಗಿಸತೊಡಗಿದಳು. ಎದುರು ಮನೆಯಲ್ಲಿ ತಿಪ್ಪಕ್ಕ ಎದೆ ಬಡಿದುಕೊಂಡು ಅಳಲು ಶುರು ಮಾಡಿದಳು. ಗೋಡೆಹೊತ್ತು ಆಗಿತ್ತು.

ಅರ್ಧ ಬತ್ತಿ ಉರಿಯುವಷ್ಟು ಹೊತ್ತು, ಅಷ್ಟೇ. ಯಾವಾಗ ಬರುತ್ತದೆಂದು ಮೊದಲೇ ಗೊತ್ತಿರುವುದರಿಂದ ನಮ್ಮೂರಲ್ಲಿ ಯಾರೂ ಅದನ್ನು ದೊಡ್ಡದು ಮಾಡುವುದಿಲ್ಲ. ದೊರೆಗಳ ಗೋರಿಗೆ ನಮ್ಮ ಕಡೆ ಕೊನೆಮನೆ ಎನ್ನುತ್ತಾರೆ. ತೀರಿಹೋದ ದೊಡ್ಡ ದೊರೆಯ ಕೊನೆಮನೆಯ ಗೋಡೆಯಲ್ಲಿ ಊರಿನ ಅರವತ್ತು ಜನರ ಚಿತ್ರವಿದೆ. ಅಲ್ಲಿ ಯಾರು ಯಾವ ಕೆಲಸದಲ್ಲಿದ್ದಾರೋ ಅವರು ದಿನಾ ಮಧ್ಯಾಹ್ನ ಆ ಕೆಲಸ ಮಾಡುತ್ತಾರೆ. ಕ್ಷೌರದಂಗಡಿಯ ಗುರುಶಾಂತಪ್ಪ ಅಲ್ಲಿ ದೋಣಿಗೆ ಹುಟ್ಟು ಹಾಕುವವನು. ಬಿಸಿಲು ಹೊಸ್ತಿಲಿನಿಂದ ಸರಿಯುವುದರೊಳಗೆ ಗಡ್ಡ ಮುಗಿಯುತ್ತದೆಂಬ ಧೈರ್ಯವಿದ್ದವರು ಮಾತ್ರ ಅವನ ಮುಂದೆ ಕೂರುತ್ತಾರೆ. ತಿಪ್ಪಕ್ಕ ದೊರೆಯ ಶವದ ಮುಂದೆ ಅಳುವ ಹೆಂಗಸು. ಅತ್ತೂ ಅತ್ತೂ ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ ಅಳುವಿನ ನಡುವೆಯೇ ಮನೆವಾರ್ತೆ ನಡೆಸುತ್ತಿದ್ದಳು. "ಅಯ್ಯಯ್ಯೋ ನನ್ನ ದೊರೆಯೇ... ಲೇ ಪಾಲಿ, ನಿಮ್ಮನೇಲಿ ಕರಿಬೇವು ಐತೇನೇ... ನಮ್ಮನ್ನ ಬಿಟ್ಟು ಹೋದ್ಯಲ್ಲಪ್ಪೋ... ಎರಡೇ ಎರಡು ಕಡ್ಡಿ ಸಾಕು ಕಣೇ... ಅಯ್ಯಯ್ಯೋ!"

ಪಾಲಿ ಅಂದರೆ ನಾನು. ಪೂರಾ ಹೆಸರು ಪಾಲಮ್ಮ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟೆ. ಮೇಷ್ಟ್ರು ಗೋಡೆಯ ಮೇಲೆ ಎತ್ತು ಹೊಡೆಯುವವರಾಗಿದ್ದರಿಂದ, ಮಧ್ಯಾಹ್ನ ಅವರ ಬೆತ್ತ ಮುಂದಿನ ಸಾಲಿನ ಮೇಲೆ ಆಡುತ್ತಿತ್ತು, ನಾನು ಕುಳ್ಳಿಯಾಗಿ ಮುಂದಿನ ಸಾಲಿನಲ್ಲಿದ್ದೆ, ಅದಕ್ಕೇ ಬಿಟ್ಟೆ ಎಂದು ಊರವರು ತಿಳಿದಿದ್ದಾರೆ. ನಿಜ ಬೇರೆ. ಒಂದು ದಿನ ಮೋಡ ಮುಚ್ಚಿ ಬಿಸಿಲು ಕಾಣದೆ, ಅವ್ವ ಕುದಿಯುವ ಸಾರಿನ ಪಾತ್ರೆಯನ್ನು ಒಲೆಯಿಂದ ಇಳಿಸುತ್ತಿದ್ದಾಗಲೇ ಅವಳ ಬಲಗೈ ತಿರುಗಲು ಶುರುವಾಯಿತು. ಮಣಿಕಟ್ಟಿನಿಂದ ಮೊಣಕೈವರೆಗಿನ ಆ ಕಲೆ ಈಗಲೂ ಇದೆ. ಮರುದಿನದಿಂದ ಮಧ್ಯಾಹ್ನಗಳಲ್ಲಿ ನಾನು ಮನೆಯಲ್ಲಿ ಉಳಿದೆ. ಶಾಲೆಯಲ್ಲಿ ಯಾರೂ ನನ್ನನ್ನು ಕೇಳಲಿಲ್ಲ. ನಾನು ಇದ್ದಾಗಲೂ ಕೇಳುತ್ತಿರಲಿಲ್ಲ.

ನಾನು ಜನರ ಮುಖ ನೋಡುವುದಿಲ್ಲ. ನೋಡಬಾರದೆಂದಲ್ಲ, ಆಗುವುದಿಲ್ಲ. ಕಾಲು ನೋಡುತ್ತೇನೆ. ಊರಿನ ಎಲ್ಲರನ್ನೂ ಕಾಲಿನಿಂದ ಗುರುತಿಸಬಲ್ಲೆ. ಸುಳ್ಳು ಹೇಳುವಾಗ ಯಾರ ಹೆಬ್ಬೆರಳು ಮೇಲೇಳುತ್ತದೆ, ಆಸೆಪಟ್ಟು ಬಂದವರು ಯಾವ ಕಾಲನ್ನು ಮುಂದಿಡುತ್ತಾರೆ ಎಂಬುದೆಲ್ಲ ನನಗೆ ಗೊತ್ತು.

ದೊಡ್ಡ ದೊರೆಯ ಗೋಡೆಯನ್ನು ಬರೆದವನು ನಮ್ಮ ತಾತ, ಅಪ್ಪನ ಅಪ್ಪ, ಚಿತ್ರದ ಸೂರಪ್ಪ. ದೊಡ್ಡ ದೊರೆಯ ತಮ್ಮ, ಈಗಿನ ಸರ್ಜಪ್ಪ ದೊರೆಯ ಗೋಡೆಯೂ ತಾತನದೇ. ಅವನಿಗೆ ಬಣ್ಣ ಅರೆದುಕೊಡುತ್ತಾ ಕೂತಾಗ ನಾನು ಕೇಳಿದ ಕಥೆ ಇದು. ಮೊಟ್ಟಮೊದಲ ದೊರೆಗೆ ಒಂದು ಗುಂಡಿ, ಅದರ ಮೇಲೆ ಒಂದು ರಾಶಿ ಕಲ್ಲು, ಅಷ್ಟೇ. ನರಿ ಬಗೆಯಿತು. ಎರಡನೆಯವನು ಗುಂಡಿಯ ಮೇಲೆ ಮಣ್ಣಿಟ್ಟಿಗೆಯ ದೊಡ್ಡ ಜಗಲಿ ಕಟ್ಟಿಸಿದ. ಅವನ ಮಗನಿಗೆ ಅಪ್ಪನಿಗಿಂತ ಎತ್ತರದಲ್ಲಿರಬೇಕೆನಿಸಿ ಜಗಲಿಯ ಮೇಲೊಂದು ಸಣ್ಣ ಜಗಲಿ ಕಟ್ಟಿಸಿದ. ಮೊಮ್ಮಗ ಆರು ಜಗಲಿ ಪೇರಿಸಿದ. ಊರಿನ ಮೇಕೆಗಳೆಲ್ಲ ಮೆಟ್ಟಿಲು ಹತ್ತಿದ ಹಾಗೆ ಹತ್ತಿ ದೊರೆಯ ನೆತ್ತಿಯ ಮೇಲೆ ಮಲಗತೊಡಗಿದವು. ಮೇಕೆ ಹತ್ತಬಾರದೆಂದು ಅದರ ಮುಂದಿನವನು ಮೆಟ್ಟಿಲುಗಳನ್ನು ಮುಚ್ಚಿ ನುಣ್ಣಗೆ ಇಳಿಜಾರು ಮಾಡಿಸಲು ಹೊರಟ. ಅರ್ಧ ಎದ್ದ ಮೇಲೆ ಬುಡದಲ್ಲಿ ಬಿರುಕು ಬಿಟ್ಟಿತು. ಕಟ್ಟುವವರು ಹೆದರಿ, ದೊರೆಗೆ ಹೇಳದೆ, ಮೇಲಿನರ್ಧವನ್ನು ಒಳಕ್ಕೆ ಬಗ್ಗಿಸಿ ಮುಗಿಸಿಬಿಟ್ಟರು. ಅದೇ ನಮ್ಮೂರ ಗೂನುಗೋರಿ. ಈಗಲೂ ದಾರಿ ಹೇಳುವವರು ಗೂನು ದಾಟಿ ಎಡಕ್ಕೆ ತಿರುಗಿ ಎನ್ನುತ್ತಾರೆ. ಅವನ ಮಗ ಸರಿಯಾದದ್ದನ್ನೇ ಕಟ್ಟಿಸಿದ, ನಾಲ್ಕು ಕಡೆಯೂ ನೇರ, ಮೂರು ಹಗಲಿನ ದಾರಿಯಿಂದಲೂ ಕಾಣುತ್ತಿತ್ತು. ಕಳ್ಳರಿಗೂ ಕಂಡಿತು. ಒಳಗಿನ ಮಂಚದ ಕಾಲನ್ನೂ ಬಿಡಲಿಲ್ಲ. ಅಂದಿನಿಂದ ದೊರೆಗಳು ಮೇಲೆ ಹೋಗುವುದನ್ನು ಬಿಟ್ಟು ಬಂಡೆಯ ಹೊಟ್ಟೆಯೊಳಗೆ ಅಡಗಿಕೊಳ್ಳತೊಡಗಿದರು.

"ಮೊದಮೊದಲು ದೊರೆ ಜೊತೆ ಅರವತ್ತು ಜನಾನೂ ಒಳಕ್ಕೇ ಹಾಕಿ ಮುಚ್ಚೋರಂತೆ" ಎನ್ನುತ್ತಿದ್ದ ತಾತ, ಕುಂಚದ ತುದಿಯನ್ನು ಹಲ್ಲಿನಿಂದ ನಯ ಮಾಡುತ್ತಾ. "ಆಮೇಲೆ ಮಣ್ಣಿನ ಬೊಂಬೆ ಮಾಡಿ ಇಡೋರು. ಆಮೇಲೆ ಬಂತು ಚಿತ್ರ. ಈಗ ನೋಡು, ಮನೇಲೇ ಇರ್ತೀರಿ, ಉಣ್ತೀರಿ, ತಿಂತೀರಿ, ಮಧ್ಯಾಹ್ನ ಒಂಚೂರು ಕೈಕಾಲು ಆಡಿಸ್ತೀರಿ. ಎಷ್ಟು ಸುಧಾರಿಸೈತೆ ಕಾಲ!"

ಇಪ್ಪತ್ತೆರಡು ವರ್ಷದ ಹಿಂದೆ ಬೀಸುಕಲ್ಲಿನ ಚಿತ್ರಕ್ಕೆ ಊರಲ್ಲಿ ಒಬ್ಬರೂ ಒಪ್ಪದಿದ್ದಾಗ, ನಮ್ಮ ಮನೆಯಿಂದ ಒಬ್ಬಳನ್ನು ಕೊಡುತ್ತೇನೆ ಎಂದವನು ತಾತ. ಅವ್ವ ಮದುವೆಯಾಗಿ ಬಂದು ಆಗ ಎರಡು ತಿಂಗಳಾಗಿತ್ತು. ಅಪ್ಪ ಹೋದಮೇಲೂ ಅವಳು ಈ ಮನೆಯಲ್ಲೇ ಉಳಿದು ಮಾವನನ್ನು ನೋಡಿಕೊಂಡಳು. ಒಂದು ಕೆಟ್ಟ ಮಾತು ಆಡಿದ್ದನ್ನು ನಾನು ಕೇಳಿಲ್ಲ. ಆದರೆ ತಾತನ ಮಧ್ಯಾಹ್ನದ ಊಟವನ್ನು ಸರಿಯಾಗಿ ಗೋಡೆಹೊತ್ತಿಗೇ ಬಡಿಸುತ್ತಿದ್ದಳು. ಬಲಗೈ ಕೆಲಸದಲ್ಲಿರುತ್ತದಲ್ಲ, ಹಾಗಾಗಿ ಎಡಗೈಯಲ್ಲಿ. ತಾತ ತಲೆತಗ್ಗಿಸಿ ಉಣ್ಣುತ್ತಿದ್ದ.

ಹೊಸ ದೊರೆ ತನ್ನ ಕೊನೆಮನೆ ಸೇರಿದ ದಿನ ಹಳೆಯ ಗೋಡೆಯವರಿಗೆ ಬಿಡುಗಡೆ. ಅವ್ವ ಕಾಯುತ್ತಿದ್ದುದು ಅದಕ್ಕೇ. ಸರ್ಜಪ್ಪ ದೊರೆ ಮಾತ್ರ ಗುಂಡುಕಲ್ಲಿನ ಹಾಗಿದ್ದ. ಸಂಜೆ ದೀಪ ಹಚ್ಚಿ ದೇವರ ಮುಂದೆ ಕಣ್ಣು ಮುಚ್ಚಿ ನಿಂತಾಗ ಅವ್ವ ಏನು ಬೇಡಿಕೊಳ್ಳುತ್ತಿದ್ದಳೋ ನಾನು ಯಾವತ್ತೂ ಕೇಳಲಿಲ್ಲ. ಕಳೆದ ವರ್ಷ ದೊರೆಯ ಕಾಲು ಬಾತುಕೊಂಡಿತು. ಅದರ ಸುದ್ದಿ ಬಂದ ದಿನ ಅವ್ವ ಪಾಯಸ ಮಾಡಿದಳು.

ಹೊಸ ಗೋಡೆಯ ಪಟ್ಟಿ ಶುರುವಾದ ಮೇಲೆ ನಮ್ಮ ಮನೆಗೆ ಜನ ಬರತೊಡಗಿದರು. ಬಾಳೆಹಣ್ಣು, ಗೆಣಸು, ಒಂದು ಸಲ ಜೀವಂತ ಕೋಳಿ. ಎಲ್ಲರಿಗೂ ಬೇಕಾಗಿದ್ದುದು ಒಂದೇ, ಕೂತುಕೊಂಡು ಹೂ ಮೂಸುವ ಚಿತ್ರ. ಗೋಡೆಯ ಮೇಲೆ ಹಾಗೊಂದು ಸಾಲು ಇರುತ್ತದೆ, ದೊರೆಯ ಹತ್ತಿರದವರು ತಾವರೆ ಮೂಸುತ್ತಾ ಸುಮ್ಮನೆ ಕೂತಿರುವ ಸಾಲು.

"ನಂಗೆ ಮೂಗು ಕಟ್ಟಿರ್ತದೆ ಸೂರಪ್ಪಣ್ಣ, ಹೂವೇ ಸರಿ" ಎಂದ ಗುರುಶಾಂತಪ್ಪ. "ಇಪ್ಪತ್ತೆರಡು ವರ್ಷ ಹುಟ್ಟು ಹಾಕಿ ಹಾಕಿ ನನ್ನ ತೋಳು ನೋಡು. ಗಿರಾಕಿಗಳು ಕುತ್ತಿಗೆ ಮುಟ್ಟಿ ನೋಡ್ಕೋತಾರೆ."

"ಹೂವಿನ ಸಾಲು ತುಂಬಿತಪ್ಪ. ಬೀಸಣಿಗೆ ಐತೆ."

"ಬೀಸಣಿಗೇನಾ? ಆಗ್ಲಿ. ಸೆಕೇಲಿ ನಂಗೂ ಒಂಚೂರು ಗಾಳಿ ಬರ್ತದೆ."

ತಿಪ್ಪಕ್ಕ ಮಾತ್ರ ಬೇರೆ ಕೇಳಲಿಲ್ಲ. "ಅಳೋದೇ ಇರ್ಲಿ ಮಾವ. ಅತ್ತ ಮೇಲೆ ಏನೋ ಹಗುರ ಅನಿಸ್ತದೆ. ರೂಢಿ ಆಗೈತೆ" ಎಂದಳು.

ಬೀಸುಕಲ್ಲಿಗೆ ಯಾರೂ ಬರಲಿಲ್ಲ. ಐವತ್ತೊಂಬತ್ತು ಜನ ಆದರು, ಅರವತ್ತನೆಯದು ಖಾಲಿ ಉಳಿಯಿತು. ಬೀಸುವವಳಿಲ್ಲದೆ ಗೋಡೆ ಮುಗಿಯುವಂತಿಲ್ಲ, ದೊರೆ ಹಿಟ್ಟಿಲ್ಲದೆ ಇರುವಂತಿಲ್ಲ. ಒಂದು ಬೆಳಿಗ್ಗೆ ಅರಮನೆಯ ಪಟ್ಟಿ ಗುಮಾಸ್ತ ಹಾಲಪ್ಪ ಬಂದ. ಅವನದು ಚಪ್ಪಟೆ ಪಾದ, ಹಿಮ್ಮಡಿ ಊರಿ ನಡೆಯುತ್ತಾನೆ. ಏನನ್ನೋ ಆಸೆಪಟ್ಟು ಬಂದವರ ಹಾಗೆ ಬಲಗಾಲು ಮುಂದಿಟ್ಟು ನಿಂತ.

"ಸೂರಪ್ಪನೋರೇ, ಬೀಸೋದಕ್ಕೆ ಹೊಸಬರನ್ನ ಹುಡುಕಿ ಅವರಿಗೆ ಕಲಿಸಿ ಎಲ್ಲ ಯಾಕೆ? ನಿಮ್ಮ ಸೊಸೇಗೆ ಅನುಭವ ಐತೆ. ಅವರೇ ಮುಂದುವರೀಲಿ ಅಂತ ಅರಮನೇಲಿ ಮಾತಾಯ್ತು."

ತಾತ ಬಣ್ಣದ ಚಿಪ್ಪನ್ನು ಕೆಳಗಿಟ್ಟ. "ಬೇರೆ ಯಾರನ್ನಾದ್ರೂ ಹಾಕ್ರಿ ಹಾಲಪ್ಪ. ನಮ್ಮನೆಯಿಂದ ಒಂದು ಸಲ ಆಯ್ತು."

"ಯಾರನ್ನ ಹಾಕ್ಲಿ ಹೇಳಿ. ನಾನೇ ಕೂರ್ತಿದ್ದೆ, ಆದ್ರೆ ನಂದು ಹೂವಿನ ಸಾಲಲ್ಲಿ ಆಗೋಯ್ತಲ್ಲ." ಅವನ ಹೆಬ್ಬೆರಳು ಮೇಲೆದ್ದಿತು. "ಮತ್ತೆ ಒಪ್ಪದೆ ಹೋದ್ರೆ ನಿಮ್ಮ ಮೊಮ್ಮಗಳ ಹೆಸರು ಬರೀಬೇಕಾಗ್ತದೆ. ವಯಸ್ಸಿನ ಹುಡುಗಿ, ಬಹಳ ವರ್ಷ ಬಾಳಿಕೆ ಬರ್ತಾಳೆ."

ಒಲೆಯ ಮುಂದಿದ್ದ ಅವ್ವ ಹಿಂತಿರುಗದೆಯೇ, "ನನ್ ಹೆಸರೇ ಬರಕಳಿ" ಎಂದಳು. ಹಾಲಪ್ಪ ಬರೆದುಕೊಂಡ. ಅವ್ವ ಕಡ್ಡಿ ತೆಗೆದುಕೊಂಡು ಒಲೆಯನ್ನು ಕೆದಕಿದಳು. ಉರಿಯುತ್ತಿದ್ದ ಒಲೆಯನ್ನು ಕೆದಕುವ ಅಗತ್ಯವಿರಲಿಲ್ಲ. ಅವಳ ಹಿಮ್ಮಡಿಗಳ ಬಿರುಕಿನಲ್ಲಿ ಬೂದಿ ತುಂಬಿದ್ದನ್ನು ನಾನು ನೋಡುತ್ತಾ ಕೂತೆ. ಇನ್ನು ಇಪ್ಪತ್ತು ವರ್ಷಕ್ಕೆ ಆ ಬೆನ್ನು ನೆಲಕ್ಕೆ ತಾಗುತ್ತದೆ ಎಂದು ಲೆಕ್ಕ ಹಾಕಲು ನಾಲ್ಕನೆಯ ತರಗತಿ ಸಾಕು.

ಈಗ ಚಿತ್ರದ ಕೆಲಸ ಹೇಗೆಂದು ಹೇಳಬೇಕು. ಮೊದಲು ಕೆಂಪು ಬಣ್ಣದಲ್ಲಿ ಅದ್ದಿದ ದಾರವನ್ನು ಗೋಡೆಗೆ ಬಿಗಿಹಿಡಿದು ಮೀಟಿದರೆ ಗೆರೆ ಬೀಳುತ್ತದೆ. ಹಾಗೆ ಗೋಡೆ ತುಂಬಾ ಚೌಕ ಮಾಡಿಕೊಳ್ಳಬೇಕು. ನಿಂತವರಿಗೆ ಹದಿನೆಂಟು ಚೌಕ, ಕೂತವರಿಗೆ ಹದಿನಾಲ್ಕು. ದೊರೆಯ ಚೌಕಗಳು ಮಾತ್ರ ದೊಡ್ಡವು, ಉಳಿದವರ ತಲೆ ಅವನ ಮೊಣಕಾಲಿಗೆ ಬರಬೇಕು. ಮೈ, ಬಟ್ಟೆ, ಕೈಯಲ್ಲಿರುವ ಸಾಮಾನು ಎಲ್ಲ ಆದ ಮೇಲೆ ಕೊನೆಗೆ ಕಣ್ಣು. ಕಣ್ಣಿಡುವವರೆಗೆ ಅದು ಯಾರ ಚಿತ್ರವೂ ಅಲ್ಲ. ಚಿತ್ರ ಯಾರದಾಗಬೇಕೋ ಅವರು ಬಂದು ನೆಲದ ಮೇಲೆ ಸುಣ್ಣದಿಂದ ಬರೆದ ಸುತ್ತಿನೊಳಗೆ ನಿಲ್ಲಬೇಕು. ಬರೆಯುವವನು ಅವರ ಮುಖವನ್ನು ನೇರವಾಗಿ ನೋಡಿ, ಗೋಡೆಗೆ ತಿರುಗಿ, ಉಸಿರು ಬಿಡದೆ ಚುಕ್ಕೆ ಇಡಬೇಕು.

ತಾತನಿಗೆ ವಯಸ್ಸಾಗಿ ದೂರದ್ದು ಕಾಣುತ್ತಿತ್ತು, ಹತ್ತಿರದ್ದು ಕಾಣುತ್ತಿರಲಿಲ್ಲ. ಆದ್ದರಿಂದ ಎರಡು ವರ್ಷದಿಂದ ಮೈ ಬಟ್ಟೆ ಎಲ್ಲ ಬರೆದವಳು ನಾನು. ಕಣ್ಣಿನ ಹೊತ್ತಿಗೆ ತಾತ ಸುತ್ತಿನಲ್ಲಿ ನಿಂತವರನ್ನು ನೋಡಿ ತಿರುಗುತ್ತಿದ್ದ, ನಾನು ಅವನ ಮಣಿಕಟ್ಟನ್ನು ಹಿಡಿದು ಕುಂಚವನ್ನು ಜಾಗಕ್ಕೆ ಒಯ್ಯುತ್ತಿದ್ದೆ. ನೋಟ ಅವನದು, ಕೈ ನನ್ನದು. ಹುಡುಗಿ ಬರೆಯುತ್ತಾಳೆಂದು ಹಾಲಪ್ಪನಿಗೆ ಗೊತ್ತಿತ್ತು. ಗೋಡೆ ಬೇಗ ಮುಗಿದರೆ ಸಾಕೆಂದು ಸುಮ್ಮನಿದ್ದ.

ಅವ್ವನ ಸರದಿ ಬರುವ ಹೊತ್ತಿಗೆ ತಾತ ಹಾಸಿಗೆ ಹಿಡಿದ. ಜ್ವರ ಎಂದ. ಮುಟ್ಟಿ ನೋಡಿದೆ, ಮೈ ತಣ್ಣಗಿತ್ತು. "ನಂಗಾಗಲ್ಲ ಪಾಲಿ" ಎಂದು ಗೋಡೆಯ ಕಡೆ ಹೊರಳಿದ. "ಇನ್ನೊಂದು ಸಲ ಆ ಮುಖ ನೋಡಿ ಕಣ್ಣಿಡಕ್ಕೆ ನನ್ನ ಕೈಲಿ ಆಗಲ್ಲ. ನೀನೇ ನೋಡು."

ನಾನು ಅವ್ವನ ಮುಖವನ್ನೂ ಸರಿಯಾಗಿ ನೋಡಿದವಳಲ್ಲ. ಆ ದಿನ ಇಬ್ಬರೂ ಗುಡ್ಡಕ್ಕೆ ನಡೆದೆವು. ಅವ್ವ ಎಣ್ಣೆಯ ಗಿಂಡಿ ಹಿಡಿದಿದ್ದಳು, ನಾನು ಬತ್ತಿಯ ಮೊರ. ಗೂನುಗೋರಿ ದಾಟುವಾಗ ಅವ್ವ, "ಕುಂಚ ತಗಂಡ್ಯಾ?" ಎಂದಳು. ತಲೆಯಾಡಿಸಿದೆ. ಹಾಲಪ್ಪ ಕೊನೆಮನೆಯ ಬಾಯಲ್ಲಿ ನಿಂತಿದ್ದವನು ಅವ್ವನನ್ನು ಇಳಿಜಾರಿನ ಓಣಿಯಲ್ಲೇ ಕಾಯಲು ಹೇಳಿ ನನ್ನನ್ನು ಒಳಗೆ ಕಳಿಸಿದ. ಚಿತ್ರ ಸಿದ್ಧವಾಗಿತ್ತು, ಬಗ್ಗಿದ ಬೆನ್ನು, ಚಾಚಿದ ಕಾಲು, ಗೂಟ ಹಿಡಿದ ಕೈ. ಬಿಳಿಯ ಖಾಲಿ ಕಣ್ಣು. ಮೂರು ಬತ್ತಿ ಹಚ್ಚಿದೆ. ಸುಣ್ಣದ ಸುತ್ತು ಮಾಸಿತ್ತು, ಹೊಸದಾಗಿ ಬರೆದೆ. ಅವ್ವನನ್ನು ಕರೆಯಬೇಕೆನ್ನುವಾಗ ಹೊರಗೆ ಗದ್ದಲವಾಯಿತು.

ಸರ್ಜಪ್ಪ ದೊರೆ ತನ್ನ ಕೊನೆಮನೆ ನೋಡಲು ಬಂದಿದ್ದ. ಇನ್ನು ಹೆಚ್ಚು ದಿನವಿಲ್ಲ ಎಂದು ವೈದ್ಯರು ಹೇಳಿದ್ದರಂತೆ. ಪಲ್ಲಕ್ಕಿ ಓಣಿಯಲ್ಲಿ ಹಿಡಿಸದೆ ಅವನು ಕೋಲೂರಿ ನಡೆದೇ ಬಂದ. ಹಾಲಪ್ಪ ಮುಂದೆ ಮುಂದೆ, ದೊರೆಗೆ ಬೆನ್ನು ತೋರಿಸಬಾರದೆಂದು ಹಿಂದುಮುಂದಾಗಿ ನಡೆಯುತ್ತಾ, ಕೈಮುಗಿಯುತ್ತಾ, ಬಾಗಿಲ ಮೇಲಿನ ಕಲ್ಲಿಗೆ ತಲೆ ಬಡಿಸಿಕೊಂಡ.

ನಾನು ಗೋಡೆಗೆ ಅಂಟಿ ನಿಂತೆ. ಮಖಮಲ್ಲಿನ ಚಪ್ಪಲಿ, ಅದರಿಂದ ಉಕ್ಕಿ ಬಂದ ಪಾದ. ಇಷ್ಟು ದೊಡ್ಡ ಪಾದವನ್ನು ನಾನು ಗೋಡೆಯ ಮೇಲೆ ಬರೆದಿದ್ದೆನೇ ಹೊರತು ನೆಲದ ಮೇಲೆ ನೋಡಿರಲಿಲ್ಲ.

"ಇದೇನಯ್ಯ ಹಾಲಪ್ಪ, ನನ್ ಹೊಟ್ಟೆ ಇಷ್ಟೈತಾ?"

"ಇಲ್ಲ ಬುದ್ಧಿ, ಅಲ್ಲಿ ಗೋಡೆ ಉಬ್ಬಿಕೊಂಡೈತೆ."

"ಬಾತುಕೋಳಿ ಎಷ್ಟು?"

"ಮೂವತ್ತು ಬುದ್ಧಿ."

"ಅಣ್ಣನ ಗೋಡೇಲಿ?"

"ಇಪ್ಪತ್ತೆಂಟು ಬುದ್ಧಿ."

ದೊರೆಗೆ ಸಮಾಧಾನವಾಯಿತು. ಊಟದ ರಾಶಿಯ ಮುಂದೆ ಕೂತ ತನ್ನದೇ ದೊಡ್ಡ ಚಿತ್ರವನ್ನು ನೋಡಿದ, ಹೂ ಮೂಸುವವರನ್ನು ನೋಡಿದ, ಸಾಲು ಹಿಡಿದು ಬರುತ್ತಾ ಬೀಸುಕಲ್ಲಿನ ಮುಂದೆ ನಿಂತ. ಸರಿಯಾಗಿ ಸುಣ್ಣದ ಸುತ್ತಿನೊಳಗೆ. ಅಲ್ಲಿಯೇ ಬೆಳಕು ಚೆನ್ನಾಗಿತ್ತು, ಅಲ್ಲಿ ಬೆಳಕಿರಲೆಂದೇ ನಾನು ದೀಪ ಇಟ್ಟಿದ್ದೆ.

"ಇವಳಿಗ್ಯಾಕೆ ಕಣ್ಣಿಲ್ಲ?"

"ಬೀಸೋಳು ಬುದ್ಧಿ. ಹಳಬಳೇ ಮುಂದುವರೀತಾಳೆ, ಹೊರಗೆ ನಿಂತವಳೆ. ಇಪ್ಪತ್ತೆರಡು ವರ್ಷದಿಂದ ದೊಡ್ಡ ದೊರೆಗಳಿಗೆ ಬೀಸ್ತಾ ಅವಳೆ."

"ಮುಗ್ಸು ಮತ್ತೆ. ಅರ್ಧ ಬಿಟ್ಟಿದ್ದು ಕಂಡ್ರೆ ನಂಗೆ ಆಗಲ್ಲ. ನನ್ ಎದುರಿಗೇ ಮುಗ್ಸು" ಎಂದು ದೊರೆ ಕೋಲಿನಿಂದ ನನ್ನ ಕಡೆ ತೋರಿಸಿದ.

ಸುತ್ತಿನಿಂದ ಆಚೆ ಬನ್ನಿ ಬುದ್ಧಿ ಎಂದು ನಾನು ಹೇಳಿದೆ. ಹೇಳಿದೆ ಎಂಬುದಕ್ಕೆ ದೇವರೇ ಸಾಕ್ಷಿ, ಬೇರೆ ಯಾರಿಗೂ ಕೇಳಿಸಿರಲಾರದು. ತುಟಿಯಾಡಿದ್ದು ಮಾತ್ರ ದೊರೆಗೆ ಕಂಡಿತು.

"ಏನಂತಾಳೆ?"

"ಏನೂ ಇಲ್ಲ ಬುದ್ಧಿ. ಆ ಹುಡುಗಿ ಮಾತಾಡಲ್ಲ." ಹಾಲಪ್ಪ ನೆತ್ತಿಯ ಬುಗುಟನ್ನು ಸವರಿಕೊಳ್ಳುತ್ತಿದ್ದ, ನೆಲದ ಕಡೆ ಅವನ ಗಮನವಿರಲಿಲ್ಲ.

ಇನ್ನೊಂದು ಸಲ ಸ್ವಲ್ಪ ಜೋರಾಗಿ ಹೇಳೋಣವೆಂದು ಉಸಿರು ಎಳೆದುಕೊಂಡೆ. ಅಷ್ಟರಲ್ಲಿ ದೊರೆ ಬೀಸುಕಲ್ಲಿನವಳನ್ನು ನೋಡುತ್ತಾ, "ಇಪ್ಪತ್ತೆರಡು ವರ್ಷ ಅಂತೀಯ. ಅದೇನ್ ಮಹಾ ಕೆಲ್ಸ? ಕೂತ್ಕಂಡು ಮಾಡೋದು ತಾನೆ" ಎಂದ. "ನನ್ ಕಾಲು ನೋಡು ಹಾಲಪ್ಪ. ನಿಂತ್ಕಳೋದು ಅಂದ್ರೆ ಏನೂಂತ ನಂಗೆ ಗೊತ್ತು."

ಎಳೆದುಕೊಂಡ ಉಸಿರನ್ನು ನಾನು ಹಾಗೇ ಹಿಡಿದೆ. ಕಾಲಿನಿಂದ ಮೇಲಕ್ಕೆ ನೋಡಿದೆ. ಮೊಣಕಾಲು, ಹೊಟ್ಟೆ, ಹಾರ, ಗಲ್ಲ. ಆಮೇಲೆ ಮುಖ. ನನ್ನ ಜೀವಮಾನದಲ್ಲಿ ನೇರವಾಗಿ ನೋಡಿದ ಮೊದಲನೆಯ ಮುಖ ಅದು. ಕಣ್ಣಿನ ಕೆಳಗೆ ಚೀಲ, ಬಲಹುಬ್ಬಿನಲ್ಲಿ ಒಂದು ಬಿಳಿ ಕೂದಲು, ಕಣ್ಣಿನೊಳಗೆ ಹೆದರಿಕೆ. ನನಗೆ ಪಾಪ ಎನಿಸಿತು. ಪಾಪ ಎನಿಸಿದಾಗಲೇ ತಿರುಗಿ ಚುಕ್ಕೆ ಇಟ್ಟೆ.

"ಚೆನ್ನಾಗಿ ಬಂತು" ಎಂದ ದೊರೆ. "ಏನೋ ಎಲ್ಲೋ ನೋಡಿದ ಮುಖದ ಹಾಗೈತೆ."

ಅವರು ಹೋದ ಮೇಲೆ ಹಾಲಪ್ಪ ಓಣಿಯಿಂದ ಅವ್ವನನ್ನು ಕರೆತಂದ. ದೊರೆಯ ಗದ್ದಲದಲ್ಲಿ ಗಮನಿಸದಿದ್ದ ಕಣ್ಣನ್ನು ಈಗ ನೋಡಿ, "ಹೊರಗೆ ನಿಂತೋಳನ್ನ ಇಲ್ಲಿಂದಲೇ ನೋಡಿ ಇಟ್ಟೆಯಾ?" ಎಂದ. ನಾನು ಅವನ ಚಪ್ಪಟೆ ಪಾದಗಳನ್ನು ನೋಡುತ್ತಾ ನಿಂತೆ. "ಪರವಾಗಿಲ್ಲ, ಸೂರಪ್ಪನ ಮೊಮ್ಮಗಳಲ್ವಾ" ಎಂದು ಪಟ್ಟಿಯಲ್ಲಿ ಗೀಟು ಹಾಕಿದ.

ಅವ್ವನಿಗೆ ಹೇಳುವಂತಿರಲಿಲ್ಲ. ಹೇಳಿದರೆ ಅವ್ವ ತಿಪ್ಪಕ್ಕನಿಗೆ ಹೇಳುತ್ತಾಳೆ, ತಿಪ್ಪಕ್ಕ ಮಧ್ಯಾಹ್ನದ ಅಳುವಿನಲ್ಲಿ ಇಡೀ ಬೀದಿಗೆ ಹೇಳುತ್ತಾಳೆ, ಹಾಲಪ್ಪ ಕಣ್ಣು ಅಳಿಸಿ ಮತ್ತೆ ಇಡಿಸುತ್ತಾನೆ. ಅವ್ವ ಗಿಂಡಿ ಎತ್ತಿಕೊಂಡು ನನಗಿಂತ ಮುಂದೆ ನಡೆದಳು. ಮನೆಗೆ ಬಂದ ಮೇಲೆ ಎರಡು ತಟ್ಟೆ ಹಾಕಿದಳು. ಗೋಡೆಹೊತ್ತು ಆಗಲೇ ಕಳೆದು, ಅವಳ ಬಲಗೈ ಸುಮ್ಮನೆ ಮಡಿಲಲ್ಲಿತ್ತು. ತಾತನಿಗೆ ಎಡಗೈಯಲ್ಲಿ ಬಡಿಸಿದಳು. ನನಗೂ ಎಡಗೈಯಲ್ಲಿ ಬಡಿಸಿದಳು.

ಹಾಗೆ ಒಂಬತ್ತು ದಿನ ಉಂಡೆ. ತಾತ ಒಮ್ಮೆ ಗಟ್ಟಿಯಾಗಿ, "ತಪ್ಪು ನಂದು, ಹುಡುಗಿ ಮೇಲೆ ಯಾಕೆ?" ಎಂದ. "ಯಾರ ಮೇಲೂ ಇಲ್ಲ" ಎಂದಳು ಅವ್ವ, "ಮನೆ ಕೆಲಸ ಮನೆಯೋರೇ ಕಲ್ತರು, ಅಷ್ಟೇ." ನಾನು ಅನ್ನ ನುಂಗಿದೆ. ನನಗೂ ಸಂದೇಹ ಶುರುವಾಗಿತ್ತು. ಗೋಡೆಯಲ್ಲಿ ದೊರೆಗೆ ತನ್ನದೇ ದೊಡ್ಡ ಚಿತ್ರ ಮೊದಲೇ ಇದೆ, ಒಬ್ಬನಿಗೆ ಎರಡು ಚಿತ್ರ ಹಿಡಿಯುತ್ತದೋ ಇಲ್ಲವೋ? ಹಿಡಿಯದಿದ್ದರೆ ಬೀಸುಕಲ್ಲು ತಿರುಗಿ ಹಳಬಳ ಕೈಗೇ ಬರುತ್ತದೋ? ಇದುವರೆಗೆ ಯಾರೂ ಇಂಥ ತಪ್ಪು ಮಾಡಿರಲಿಲ್ಲವಾದ್ದರಿಂದ ಕೇಳಲು ಯಾರೂ ಇರಲಿಲ್ಲ.

ಹತ್ತನೆಯ ದಿನ ದೊರೆ ತೀರಿಕೊಂಡ. ಹನ್ನೊಂದನೆಯ ದಿನ ಬೆಳಿಗ್ಗೆ ಅವನನ್ನು ಕೊನೆಮನೆಯೊಳಗಿಟ್ಟು, ಬಾಯಿಗೆ ಬಂಡೆ ಉರುಳಿಸಿ, ಗಾರೆ ಮೆತ್ತಿ ಮುದ್ರೆ ಒತ್ತಿದರು. ಮುದ್ರೆ ಬಿದ್ದ ಕೊನೆಮನೆಯನ್ನು ಯಾರೂ ತೆಗೆಯುವಂತಿಲ್ಲ. ಕಳ್ಳರನ್ನು ಬಿಟ್ಟು.

ಆ ಮಧ್ಯಾಹ್ನ ಇಡೀ ಊರು ಬೀದಿಗೆ ಬಂದು ನಿಂತಿತು. ಹೊಸ ಗೋಡೆಯ ಮೊದಲ ಹೊತ್ತು ನೋಡುವುದೆಂದರೆ ನಮಗೆಲ್ಲ ಹಬ್ಬ. ಬಿಸಿಲು ಹೊಸ್ತಿಲಿನಿಂದ ಸರಿಯಿತು. ಅಂಗಡಿ ಬೀದಿಯ ಹನ್ನೊಂದು ಜನ ದೊಡ್ಡವರು ಒಟ್ಟಿಗೇ ಬಲಗೈ ಎತ್ತಿ ಮೂಗಿನ ಹತ್ತಿರ ತಂದರು. ಹಾಲಪ್ಪ ಯಾರನ್ನೋ ಬೈಯುತ್ತಿದ್ದವನು ಹಾಗೇ ನೆಲದ ಮೇಲೆ ಕೂತು ಇಲ್ಲದ ತಾವರೆ ಮೂಸಿದ. ಎದುರಿಗೆ ಮೀನಿನ ಬುಟ್ಟಿ ಇತ್ತು. ಗುರುಶಾಂತಪ್ಪ ಒಬ್ಬರ ಅರ್ಧ ಗಡ್ಡ ಬಿಟ್ಟು ಗಾಳಿ ಬೀಸತೊಡಗಿದ. ಮೇಷ್ಟ್ರು ಹೊಸ ಗೋಡೆಯಲ್ಲಿ ಬಾತುಕೋಳಿ ಹಿಡಿಯುವವರು, ಬಗ್ಗಿ ಬಗ್ಗಿ ಓಡಿದರು. ಮಕ್ಕಳು ಕೇಕೆ ಹಾಕಿದರು. "ಅಯ್ಯಯ್ಯೋ ಸರ್ಜಪ್ಪ ದೊರೆಯೇ" ಎಂದು ತಿಪ್ಪಕ್ಕ ಹೆಸರು ಬದಲಾಯಿಸಿಕೊಂಡು ಅತ್ತಳು.

ನಾನು ಮನೆಯೊಳಗೆ ಅವ್ವನ ಎದುರು ಕೂತಿದ್ದೆ. ಬೋಗುಣಿಯನ್ನು ಎಂದಿನಂತೆ ಎಡಗಡೆಗೆ ಸರಿಸಿದ್ದೆ. ಅವ್ವ ಕಾಲು ಚಾಚಿ, ಬೆನ್ನು ಬಗ್ಗಿಸಿ, ಕೈಯನ್ನು ಗೂಟದ ಎತ್ತರಕ್ಕೆ ಎತ್ತಿ ಕಾದಳು. ಕೈ ತಿರುಗಲಿಲ್ಲ. ಇನ್ನೂ ಕಾದಳು. ಅರ್ಧ ಬತ್ತಿ ಉರಿದುಹೋಯಿತು. ಬೀದಿಯಲ್ಲಿ ತಿಪ್ಪಕ್ಕನ ಅಳು ನಿಂತಿತು. ಅವ್ವ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಬೇರೆ ಯಾರದೋ ಮನೆಯ ಕೂಸನ್ನು ನೋಡುವ ಹಾಗೆ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. ನಾನು ಅವಳ ಮುಖ ನೋಡಿದೆ, ಎರಡನೆಯ ಮುಖ. ಅವ್ವ ಎದ್ದು, ಅನ್ನ ಬಿಸಿಯಾಗಿರುವಾಗಲೇ, ಬಲಗೈಯಲ್ಲಿ ನನಗೆ ಬಡಿಸಿದಳು. ಸ್ವಲ್ಪ ಹೊತ್ತು ಯೋಚಿಸಿ, ತಾತನಿಗೂ ಬಲಗೈಯಲ್ಲೇ ಬಡಿಸಿದಳು. ತಾತ ಒಂದು ತುತ್ತು ಬಾಯಿಗಿಟ್ಟು ಅಳತೊಡಗಿದ. "ಉಪ್ಪು ಜಾಸ್ತಿ ಆಯ್ತಾ?" ಎಂದಳು ಅವ್ವ.

ಮುದ್ರೆ ಬಿದ್ದ ಮೂರನೆಯ ದಿನ ಕೊನೆಮನೆಯ ಮುಂದೆ ಎಡೆ ಇಡಲು ಎಲ್ಲರೂ ಗುಡ್ಡಕ್ಕೆ ಹೋದೆವು. ಬಂಡೆಯ ಮೇಲೆ ಕಡೆದ ಒಂದು ಬಾಗಿಲಿರುತ್ತದೆ, ಹಲಗೆ, ಕೊಂಡಿ, ಚಿಲಕ ಎಲ್ಲವೂ ಕಲ್ಲಿನವೇ, ತೆರೆಯುವುದಿಲ್ಲ. ಅದರ ಮುಂದೆ ಬಾಳೆಲೆ ಹಾಕುವಾಗಲೇ ಗೋಡೆಹೊತ್ತು ಆಯಿತು. ಹಾಲಪ್ಪನೂ ದೊಡ್ಡವರೂ ಸಾಲಾಗಿ ಕೂತು ಮೂಸತೊಡಗಿದರು. ಆಗ ಬಂಡೆಯ ಒಳಗಿನಿಂದ ಸದ್ದು ಕೇಳಿಸಿತು. ಗರ ಗರ, ಗರ ಗರ, ನಡುವೆ ಏದುಸಿರು.

"ಬೀಸೋ ಸದ್ದು" ಎಂದಳು ತಿಪ್ಪಕ್ಕ ಅಳು ಮರೆತು, ಮತ್ತೆ ನೆನಪಾಗಿ, "ಅಯ್ಯಯ್ಯೋ" ಎಂದಳು.

ಹಾಲಪ್ಪ ಮೂಗಿನ ಹತ್ತಿರದ ಕೈ ಇಳಿಸಲಾಗದೆ, ಕಣ್ಣು ಮಾತ್ರ ತಿರುಗಿಸಿ, ಅವ್ವನ ಸುಮ್ಮನಿದ್ದ ಕೈಯನ್ನು ನೋಡಿದ. "ಪಾಲಮ್ಮ" ಎಂದ. ಅವನು ನನ್ನ ಪೂರಾ ಹೆಸರು ಕರೆದಿದ್ದು ಅದೇ ಮೊದಲು. "ಆವತ್ತು ನೀನು ಯಾರ ಮುಖ ನೋಡಿದೆ?"

ನಾನು ಅವನ ಪಾದಗಳನ್ನು ನೋಡಿದೆ. ಉತ್ತರ ಕೊಟ್ಟವನು ತಾತ. ಅವನಿಗೆ ಕೇಳಿಸುವುದರಲ್ಲಿ ಯಾವ ತೊಂದರೆಯೂ ಇರಲಿಲ್ಲ. ಕಲ್ಲುಬಾಗಿಲಿಗೆ ಕಿವಿಯಿಟ್ಟು, ಸ್ವಲ್ಪ ಹೊತ್ತು ಆಲಿಸಿ, ಕಟ್ಟಡ ಪರೀಕ್ಷಿಸುವವನ ಹಾಗೆ ಬಂಡೆಯನ್ನು ತಟ್ಟಿದ. "ಮೊದಲು ಗುಂಡಿ ಇತ್ತು. ಆಮೇಲೆ ಜಗಲಿ ಬಂತು, ಮೆಟ್ಟಿಲು ಬಂತು, ಗೂನು ಬಂತು. ಜನ ಹೋಗಿ ಬೊಂಬೆ ಬಂತು, ಬೊಂಬೆ ಹೋಗಿ ಚಿತ್ರ ಬಂತು" ಎಂದ. "ಈಗ ದೊರೇನೇ ಬೀಸ್ಕೊಂತಾನೆ. ಇನ್ನೂ ಸುಧಾರಿಸ್ತು ನೋಡ್ರಪ್ಪ."

ಮೊದಲು ಗುರುಶಾಂತಪ್ಪ ನಕ್ಕ, ಬೀಸಣಿಗೆ ಅಲ್ಲಾಡಿಸುತ್ತಲೇ. ಅವನ ಹಿಂದೆ ಎಲ್ಲರೂ ನಕ್ಕರು, ಹೂ ಮೂಸುವವರ ಸಾಲೂ ಮೂಗು ಮುಚ್ಚಿಕೊಂಡ ಹಾಗೆ ನಕ್ಕಿತು.

ಗರಗರ ನಿಧಾನವಾಯಿತು, ನಿಂತಿತು. ನಗುವೂ ನಿಂತಿತು. ಒಳಗಿನಿಂದ ದನಿ ಬಂತು, ಬಾತುಕೋಳಿ ಎಷ್ಟು ಎಂದು ಕೇಳಿದ ಅದೇ ದನಿ, ಈಗ ತೀರಾ ಸಣ್ಣಗಾಗಿತ್ತು. ಹೊರಗೆ ಯಾರಾದರೂ ಇದ್ದಾರೆಯೇ ಎಂದು ಕೇಳಿತು. ಜನ ತಮ್ಮ ತಮ್ಮ ಕಾಲುಗಳನ್ನು ನೋಡಿಕೊಂಡರು. ಇಷ್ಟೊಂದು ಜನ ಒಟ್ಟಿಗೆ ನನ್ನ ಹಾಗೆ ನೋಡುವುದನ್ನು ನಾನು ಕಂಡಿರಲಿಲ್ಲ. ಬೀಸುಕಲ್ಲಿಗೆ ಎದುರುಬದುರಾಗಿ ಇಬ್ಬರು ಕೂತು ಒಂದೇ ಗೂಟಕ್ಕೆ ಕೈ ಹಾಕಿದರೆ ಭಾರ ಅರ್ಧವಾಗುತ್ತದೆ, ಬೀಸಿದವರಿಗೆಲ್ಲ ಅದು ಗೊತ್ತು. ಪಕ್ಕದಲ್ಲಿ ಅವ್ವನ ಬಲಗೈ ತಾನಾಗಿಯೇ ಸ್ವಲ್ಪ ಮೇಲೆದ್ದಿತು. ನಾನು ಅದನ್ನು ಹಿಡಿದುಕೊಂಡೆ. ಬೆರಳುಗಳ ಬುಡ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಒಳಗಿನವನು ಮತ್ತೆ ಕೇಳಿದ.

"ಯಾರಾದ್ರೂ ಬಂದು ಒಂದು ಕೈ ಹಿಡೀರಮ್ಮ."